ಗುಡ್ಡೆಯಲ್ಲಿ ಸಿಕ್ಕ ಪಾಂಡ್ಯ ರಾಜ

ನಾಣ್ಯಗಳ ಬಗ್ಗೆ ನಮ್ಮ ಚರ್ಚಾ ಕಾರ್ಯಕ್ರಮ ಪ್ರಸಾರವಾದಾಗಲೆಲ್ಲ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: "ನಮ್ಮ ಮನೆಯಲ್ಲಿ ಹಳೆಯ ನಾಣ್ಯ ಇದೆ, ಇದಕ್ಕೆ ಎಷ್ಟು ಬೆಲೆ ಬರುತ್ತದೆ?" ಪತ್ರದ ಜೊತೆಗೆ ಕೆಲವರು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನೂ ಕಳುಹಿಸುತ್ತಾರೆ. ಅಚ್ಚಿನಲ್ಲಿ ಅರ್ಧ ಆನೆ, ಕಾಲು ಅಕ್ಷರ, ಉಳಿದದ್ದೆಲ್ಲ ಮಸಿ. ಬೆಲೆಯ ಪ್ರಶ್ನೆಗೆ ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಸರಿಯಾದ ಉತ್ತರ ಹೇಳಲಾಗದು. ಒಂದು ಪುಟ್ಟ ತಾಮ್ರದ ಬಿಲ್ಲೆ ಒಬ್ಬ ರಾಜನನ್ನು ಕಾವ್ಯದಿಂದ ಇತಿಹಾಸಕ್ಕೆ ಎಳೆದು ತಂದ ಸಂಗತಿಯನ್ನು ಹೇಳಿದರೆ, ಬೆಲೆ ಎಂದರೇನು ಎಂಬುದು ನಿಮಗೇ ಹೊಳೆಯಬಹುದು. ಆದ್ದರಿಂದ ಮೊದಲು ಮಧುರೆಗೆ ಹೋಗೋಣ.

1980ರ ದಶಕದ ಮಧ್ಯಭಾಗ. ಚೆನ್ನೈನ 'ದಿನಮಲರ್' ಎಂಬ ತಮಿಳು ದಿನಪತ್ರಿಕೆಯ ಸಂಪಾದಕರಾಗಿದ್ದ ಆರ್. ಕೃಷ್ಣಮೂರ್ತಿಯವರಿಗೆ ಹಳೆಯ ನಾಣ್ಯಗಳ ಹುಚ್ಚು. ಅವರು ಮಧುರೆಯಲ್ಲಿ ವ್ಯಾಪಾರಿಯೊಬ್ಬರಿಂದ ಒಂದಷ್ಟು ಹಳೆಯ ತಾಮ್ರದ ನಾಣ್ಯಗಳನ್ನು ಕೊಂಡರು. ಒಂದೊಂದನ್ನೇ ಆರಿಸಿ, ಹೆಸರು ಹೇಳಿ, ಚೌಕಾಸಿ ಮಾಡಿ ಕೊಳ್ಳುವಂಥ ಸರಕಲ್ಲ ಅದು. ಹಸಿರು ಕಿಲುಬು ಮೆತ್ತಿಕೊಂಡು ಒಂದಕ್ಕೊಂದು ವ್ಯತ್ಯಾಸವೇ ಕಾಣದ ಚೂರುಗಳು. ಚೌಕಾಕಾರದ ಇಂಥ ತಾಮ್ರದ ನಾಣ್ಯಗಳು ದಕ್ಷಿಣ ತಮಿಳುನಾಡಿನ ಸಂಗ್ರಾಹಕರಿಗೆ 19ನೇ ಶತಮಾನದಿಂದಲೂ ಪರಿಚಿತವೇ. ಒಂದು ಬದಿಯಲ್ಲಿ ಆನೆಯೋ ಕುದುರೆಯೋ, ಇನ್ನೊಂದು ಬದಿಯಲ್ಲಿ ರೇಖೆಗಳಲ್ಲಿ ಬಿಡಿಸಿದ ಮೀನು. ಮೀನು ಪಾಂಡ್ಯರ ಲಾಂಛನವಾದ್ದರಿಂದ ಇವು ಪಾಂಡ್ಯ ನಾಣ್ಯಗಳೆಂಬ ಊಹೆಯಿತ್ತು. ಆದರೆ ಯಾವ ಪಾಂಡ್ಯ? ಯಾವ ಕಾಲ? ನಾಣ್ಯ ಬಾಯಿ ಬಿಡುತ್ತಿರಲಿಲ್ಲ, ಅದರ ಮೇಲೆ ಬರಹ ಇರಲಿಲ್ಲ.

ಕೃಷ್ಣಮೂರ್ತಿಯವರು ತಾವು ಕೊಂಡ ನಾಣ್ಯಗಳನ್ನು ಶುಚಿ ಮಾಡುತ್ತ ಹೋದಾಗ ಒಂದರ ಮೇಲೆ ಕುದುರೆಯ ಚಿತ್ರದ ಜೊತೆಗೆ ಕೆಲವು ಗೆರೆಗಳು ಕಂಡವು. ಗೆರೆಗಳು ಅಕ್ಷರಗಳಾದವು. ಅಕ್ಷರಗಳು ತಮಿಳು ಬ್ರಾಹ್ಮಿ ಲಿಪಿಯವು. ಕೂಡಿಸಿ ಓದಿದರೆ ಒಂದು ಹೆಸರು: ಪೆರುವೞುದಿ.

ಈ ಒಂದು ಪದ ಏಕೆ ಅಷ್ಟು ಮುಖ್ಯವಾಯಿತು ಎಂಬುದನ್ನು ಸ್ವಲ್ಪ ವಿವರಿಸಬೇಕು. ಸಂಗಂ ಸಾಹಿತ್ಯದಲ್ಲಿ ಚೇರ, ಚೋಳ, ಪಾಂಡ್ಯ ದೊರೆಗಳ ಹೆಸರುಗಳು ಹೇರಳವಾಗಿವೆ. 'ಪುರನಾನೂರು' ಸಂಕಲನದ ಕವಿಗಳು ಹಾಡಿದ ಪಾಂಡ್ಯರಲ್ಲಿ ಪಲ್ಯಾಗಶಾಲೈ ಮುದುಕುಡುಮಿ ಪೆರುವಳುದಿ ಒಬ್ಬ. ಅನೇಕ ಯಾಗಶಾಲೆಗಳನ್ನು ಕಟ್ಟಿಸಿದವನೆಂದು ಆ ಬಿರುದಿನ ಅರ್ಥ. ಆದರೆ ಆ ಹಾಡುಗಳು ನಮಗೆ ದೊರೆತಿರುವುದು ತಾಳೆಗರಿಯ ಪ್ರತಿಗಳಲ್ಲಿ, ಮತ್ತೆ ಮತ್ತೆ ನಕಲಾದ ಪ್ರತಿಗಳ ಪ್ರತಿಗಳಲ್ಲಿ. ಹಾಡಿನಲ್ಲಿ ಬರುವ ರಾಜರು ನಿಜವಾಗಿ ಬಾಳಿದವರೇ, ಅಥವಾ ಕವಿಗಳ ಕಲ್ಪನೆಯೇ? ಸಂಗಂ ಕಾಲ ಎಂದರೆ ಯಾವಾಗ? ಈ ವಾದ ದಶಕಗಳ ಕಾಲ ನಡೆದಿತ್ತು. ಸಂಗಂ ಕಾಲದ ಅರಸರು ತಮ್ಮ ಹೆಸರಿನ ನಾಣ್ಯಗಳನ್ನು ಅಚ್ಚು ಹಾಕಿಸಲೇ ಇಲ್ಲ, ರೋಮನ್ ನಾಣ್ಯಗಳಿಂದಲೇ ವ್ಯಾಪಾರ ಸಾಗಿತು ಎನ್ನುವವರೂ ಇದ್ದರು. ಮಧುರೆಯ ಬಳಿಯ ಮಾಂಗುಳದ ಬಂಡೆಗಳಲ್ಲಿ ನೆಡುಂಜೆಳಿಯನ್ ಎಂಬ ಪಾಂಡ್ಯನ ಹೆಸರು ಬ್ರಾಹ್ಮಿಯಲ್ಲಿ ಇದ್ದುದು ನಿಜ. ಆದರೆ ಬಂಡೆಯ ಬರಹ ಜೈನ ಮುನಿಗಳಿಗೆ ಕೊಟ್ಟ ದಾನದ ದಾಖಲೆ. ನಾಣ್ಯ ಬೇರೆಯೇ ಬಗೆಯ ಸಾಕ್ಷಿ. ನಾಣ್ಯದ ಮೇಲೆ ಹೆಸರು ಒತ್ತಿಸಬೇಕಾದರೆ ಟಂಕಸಾಲೆ ಬೇಕು, ಲೋಹ ಬೇಕು, ಅಚ್ಚು ಕೆತ್ತುವ ಕಸಬುದಾರ ಬೇಕು, ಆ ಬಿಲ್ಲೆಯನ್ನು ಪಡೆದು ಬದಲಿಗೆ ಅಕ್ಕಿಯನ್ನೋ ಉಪ್ಪನ್ನೋ ಕೊಡಲು ಒಪ್ಪುವ ಜನ ಬೇಕು. ಅಂದರೆ ಒಂದು ಆಡಳಿತ ಬೇಕು. ಮಧುರೆಯ ಆ ಸರಕಿನೊಳಗಿದ್ದ ತಾಮ್ರದ ತುಂಡು ಇಷ್ಟನ್ನೂ ಒಟ್ಟಿಗೆ ಹೇಳಿತು.

ನಾಣ್ಯದ ಪೆರುವಳುದಿಯೇ ಹಾಡಿನ ಪೆರುವಳುದಿ ಎಂದು ಖಚಿತವಾಗಿ ಹೇಳಲಾಗದು. ಪಾಂಡ್ಯರಲ್ಲಿ 'ವಳುದಿ' ಎಂಬುದು ಹಲವರಿಗಿದ್ದ ಹೆಸರು. ಉತ್ಸಾಹದಲ್ಲಿ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿ ಬರೆದ ಲೇಖನಗಳನ್ನು ನಾನು ಓದಿದ್ದೇನೆ. ವಿಜ್ಞಾನ ಪದವಿ ಓದಿದ ನನ್ನಂಥವನಿಗೆ ಅದು ಅವಸರದ ಮಾತಾಗಿ ತೋರುತ್ತದೆ. ಹೆಸರಿನ ವಂಶ ನಿಜ, ಬಿರುದಿನ ಬಗೆ ನಿಜ, ಹಾಡುಗಳ ಲೋಕ ಗಾಳಿಯಲ್ಲಿ ಕಟ್ಟಿದ್ದಲ್ಲ ಎಂಬಷ್ಟು ಮಾತ್ರ ನಾಣ್ಯ ಹೇಳುತ್ತದೆ. ಅಷ್ಟೇ ಸಾಕಷ್ಟು ದೊಡ್ಡ ಮಾತು.

ಕನ್ನಡಿಗರಾದ ನಾವು ಈ ಹೆಸರಿನ ಮುಂದೆ ಒಂದು ಕ್ಷಣ ನಿಲ್ಲಬೇಕು. 'ಪೆರು' ಎಂದರೆ ಹಿರಿದು. ಹಳಗನ್ನಡದ 'ಪೆರ್' ಅದೇ. ಪಕಾರ ಹಕಾರವಾಗಿ ಇಂದು ಅದು ನಮ್ಮ ಹೆಬ್ಬಾವು, ಹೆಗ್ಗಡೆ, ಹೆದ್ದಾರಿಗಳಲ್ಲಿ ಉಳಿದಿದೆ. ಇನ್ನು ಆ 'ೞ' ಅಕ್ಷರ. ನಮ್ಮ ಹಳಗನ್ನಡ ಶಾಸನಗಳಲ್ಲಿ ಅದು ಇತ್ತು, ಆಮೇಲೆ ಬಳಕೆಯಿಂದ ಜಾರಿ 'ಳ'ದಲ್ಲಿ ಕರಗಿಹೋಯಿತು. ತಮಿಳರು ಇಂದಿಗೂ ಅದನ್ನು ಉಚ್ಚರಿಸುತ್ತಾರೆ, ತಮ್ಮ ಭಾಷೆಯ ಹೆಸರಿನ ಕೊನೆಯಲ್ಲೇ. ತಮಿಳು ಬ್ರಾಹ್ಮಿ ಬರಹಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಐರಾವತಂ ಮಹಾದೇವನ್ ಅವರು 2003ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ, ಈ ಅತಿ ಪ್ರಾಚೀನ ತಮಿಳು ಬರಹಗಳಲ್ಲಿ ಕನ್ನಡದ ಛಾಯೆಯನ್ನು ಗುರುತಿಸಿದ್ದಾರೆ. ಪುದುಕ್ಕೋಟೆಯ ಬಳಿಯ ಸಿತ್ತನ್ನವಾಸಲ್ ಗುಹೆಯ ಬರಹದಲ್ಲಿ 'ಎರುಮಿ ನಾಡು' ಎಂಬ ಮಾತು ಬರುತ್ತದೆ. ಎಮ್ಮೆಯ ನಾಡು, ನಮ್ಮ ಮೈಸೂರು ಸೀಮೆ. ಅದೇ ಬರಹದ ಊರ ಹೆಸರೊಂದರಲ್ಲಿರುವ 'ಪೊಸಿಲ್' ನಮ್ಮ ಹೊಸಿಲು. ಎರಡು ಸಾವಿರ ವರ್ಷಗಳ ಹಿಂದೆ ಭಾಷೆಗಳ ನಡುವಿನ ಬೇಲಿ ಇಷ್ಟು ಎತ್ತರ ಇರಲಿಲ್ಲ.

ಪೆರುವಳುದಿಯ ನಂತರ ಕೃಷ್ಣಮೂರ್ತಿಯವರ ಕಣ್ಣು ಇನ್ನಷ್ಟು ಚುರುಕಾಯಿತು. ಕರೂರಿನ ಅಮರಾವತಿ ನದಿಯ ಮರಳಿನಲ್ಲಿ ರೋಮನ್ ನಾಣ್ಯಗಳ ಜೊತೆಗೆ ಸ್ಥಳೀಯ ನಾಣ್ಯಗಳೂ ಸಿಗುತ್ತಿದ್ದವು. ಹಾಗೆ ದೊರೆತವುಗಳಲ್ಲಿ 'ಮಾಕ್ಕೋದೈ', 'ಕೊಲ್ಲಿಪ್ಪೊರೈ' ಎಂಬ ಬರಹಗಳುಳ್ಳ ಚೇರ ನಾಣ್ಯಗಳನ್ನು ಅವರು ಬೆಳಕಿಗೆ ತಂದರು. ಮಾಕ್ಕೋದೈ ನಾಣ್ಯ ಬೆಳ್ಳಿಯದು. ಅದರ ಮೇಲೆ ರಾಜನ ಮುಖವಿದೆ, ರೋಮನ್ ದಿನಾರಿಯಸ್‌ಗಳ ಮೇಲಿನ ಚಕ್ರವರ್ತಿಗಳ ಮುಖದ ಮಾದರಿಯಲ್ಲಿ. ಮೆಣಸು ಕೊಂಡು ಬೆಳ್ಳಿ ಕೊಟ್ಟು ಹೋದ ಯವನರ ನಾಣ್ಯವನ್ನು ನೋಡಿ, ನನ್ನ ಮುಖವೂ ಹೀಗೆ ಬರಲಿ ಎಂದು ಚೇರ ದೊರೆಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಇವೆಲ್ಲವನ್ನೂ ಸೇರಿಸಿ 1997ರಲ್ಲಿ ಅವರು 'ಸಂಗಂ ಏಜ್ ತಮಿಳ್ ಕಾಯಿನ್ಸ್' ಎಂಬ ಪುಸ್ತಕ ಹೊರತಂದರು. 2021ರಲ್ಲಿ ಅವರು ತೀರಿಕೊಂಡರು. ಪತ್ರಿಕೆಯ ಮೊಳೆ ಅಕ್ಷರಗಳೊಡನೆ ಹೆಣಗಿದವರು, ತಮಿಳು ಲಿಪಿ ಸುಧಾರಣೆಯನ್ನು ತಮ್ಮ ಪತ್ರಿಕೆಯಲ್ಲಿ ಜಾರಿಗೆ ತಂದವರು. ಕಿಲುಬಿನ ನಡುವೆ ಅಕ್ಷರ ಅಡಗಿದೆ ಎಂದು ಅಂಥವರಿಗೇ ಹೊಳೆದದ್ದು ಸಹಜವೆಂದು ನನಗನ್ನಿಸುತ್ತದೆ.

ಈಗ ನೀವು ಕೇಳಬಹುದು, ಇಂಥ ನಾಣ್ಯಗಳು ಗುಡ್ಡೆಗಟ್ಟಲೆ ಮಾರುಕಟ್ಟೆಗೆ ಬರುವುದಾದರೂ ಹೇಗೆ? ಮಳೆ ಬಂದ ಮರುದಿನ ಹಳೆಯ ಊರಿನ ದಿಬ್ಬಗಳಲ್ಲಿ ತಾಮ್ರದ ಚೂರು ಮೇಲೇಳುತ್ತದೆ. ನೇಗಿಲ ಗುಳಕ್ಕೆ ಮಡಕೆ ತಾಗುತ್ತದೆ. ಬಾವಿ ತೋಡುವಾಗ, ರಸ್ತೆಗೆ ಮಣ್ಣು ತೆಗೆಯುವಾಗ ಸಿಗುತ್ತದೆ. ಚಿನ್ನವಾದರೆ ಅಕ್ಕಸಾಲಿಯ ಕುಲುಮೆಗೆ, ತಾಮ್ರ ಕಂಚಾದರೆ ಕಂಚುಗಾರನ ಮೂಸೆಗೆ. ಚಿನ್ನದ ನಾಣ್ಯ ಕರಗಿದಾಗ ಊರಿಗೆ ಸುದ್ದಿಯಾದರೂ ಆಗುತ್ತಿತ್ತು. ತಾಮ್ರ ಕರಗಿ ಚೊಂಬಾಗಿ ತಂಬಿಗೆಯಾಗಿ ಮನೆ ಸೇರುವಾಗ ಯಾರೂ ಕೇಳಲಿಲ್ಲ. ಪೆರುವಳುದಿಯ ಎಷ್ಟು ಸಹೋದರರು ಹೀಗೆ ಅಡಿಗೆಮನೆಯ ಪಾತ್ರೆಗಳಾದರೋ!

ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರನ್ನು ನೀವು ಕೇಳಿರುತ್ತೀರಿ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸಿದ ಈತ, ಕಾವಲಿ ಸಹೋದರರಂಥ ದೇಶೀಯ ಸಹಾಯಕರ ನೆರವಿನಿಂದ ಕೈಫಿಯತ್ತುಗಳು, ಶಾಸನಗಳ ನಕಲುಗಳು, ಚಿತ್ರಗಳನ್ನು ಸೇರಿಸಿದ. ಜೊತೆಗೆ ನಾಣ್ಯಗಳನ್ನೂ. 1828ರಲ್ಲಿ ಎಚ್. ಎಚ್. ವಿಲ್ಸನ್ ಸಿದ್ಧಪಡಿಸಿದ ಪಟ್ಟಿಯಲ್ಲಿ ಆ ಸಂಗ್ರಹದ ನಾಣ್ಯಗಳ ಸಂಖ್ಯೆ 6,218. ಮೆಕೆಂಜಿ ಒಬ್ಬ ಅಳತೆಗಾರ. ಊರಿಂದೂರಿಗೆ ಹೋಗುವಾಗ ಜನ ತಂದು ಕೊಟ್ಟದ್ದನ್ನು ಬೇಡವೆನ್ನದೆ ತೆಗೆದುಕೊಂಡ. ಆರಿಸಿದ ಸಂಗ್ರಹವಲ್ಲ, ಬಾಚಿದ ಸಂಗ್ರಹ. ಅದರ ಗುಣವೂ ಅದೇ, ದೋಷವೂ ಅದೇ.

ನಮಗೆ ಇನ್ನೂ ಹತ್ತಿರದವನು ಸರ್ ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಹೋರಾಟದಲ್ಲಿ ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದು ಆಮೇಲೆ ಬಿಡುಗಡೆ ಮಾಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಈತ ಒಬ್ಬ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಮರೆತಿದ್ದಾರೆ. ಸೆರೆಯ ನೆನಪು ಕಹಿಯಾಗಲಿಲ್ಲವೋ ಏನೋ, ಧಾರವಾಡದ ಸುತ್ತ ಕೆಲಸ ಮಾಡುತ್ತ ಕನ್ನಡ ಶಾಸನಗಳ ನಕಲುಗಳನ್ನು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿದ. ನಾಣ್ಯಗಳ ಬೆನ್ನು ಹತ್ತಿದ. ದಕ್ಷಿಣ ಭಾರತದ ನಾಣ್ಯಗಳ ಕುರಿತು ಅವನ ಗ್ರಂಥ 1886ರಲ್ಲಿ ಹೊರಬಂದಾಗ ಅವನಿಗೆ ಕಣ್ಣು ಪೂರ್ತಿ ಹೋಗಿತ್ತು. ಜೀವಮಾನವಿಡೀ ಕೈಯಲ್ಲಿ ಹೊರಳಿಸಿದ ನಾಣ್ಯಗಳ ಬಗ್ಗೆ ನೆನಪಿನ ಬಲದ ಮೇಲೆ ಬರೆಸಿದ ಪುಸ್ತಕ ಅದು. ಅದೇ ದಶಕದ ಕೊನೆಯಲ್ಲಿ ಟಫ್ನೆಲ್ ಎಂಬ ಸೇನಾಧಿಕಾರಿ ದಕ್ಷಿಣ ಭಾರತದ ನಾಣ್ಯ ಸಂಗ್ರಾಹಕರಿಗಾಗಿ ಒಂದು ಕೈಪಿಡಿಯನ್ನೇ ಬರೆದ. ನಮ್ಮ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದ್ದ ಮೈಸೂರು ನಾಣ್ಯಗಳ ಪಟ್ಟಿಯನ್ನೂ ಮಾಡಿದ.

ಇನ್ನು ನನ್ನ ಕಸಬಿಗೆ ಹತ್ತಿರವಾದ ಒಂದು ಮಾತು. ಕಿಲುಬು ಹಿಡಿದ ನಾಣ್ಯದ ಮೇಲಿನ ಅಕ್ಷರವನ್ನು ಕಾಣುವುದು ಹೇಗೆ? ಒಮ್ಮೆ ನಮ್ಮ ಸ್ಟುಡಿಯೋದಲ್ಲಿ ತಜ್ಞರೊಬ್ಬರು ತಂದಿದ್ದ ಶಾತವಾಹನ ನಾಣ್ಯವನ್ನು ಕ್ಯಾಮೆರಾಗೆ ತೋರಿಸಬೇಕಿತ್ತು. ಎದುರಿನಿಂದ ಎರಡು ದೀಪ ಹಾಕಿದೆವು. ತೆರೆಯ ಮೇಲೆ ಕಂಡದ್ದು ಒಂದು ಕರಿಯ ಗುಂಡಿ. ಹೆಚ್ಚು ಬೆಳಕು ಹಾಕಿದಷ್ಟೂ ಇನ್ನಷ್ಟು ಚಪ್ಪಟೆಯಾಯಿತು. ಕಡೆಗೆ ನಮ್ಮ ದೀಪದ ಸಹಾಯಕರು ಒಂದನ್ನು ಆರಿಸಿ, ಇನ್ನೊಂದನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬಿಟ್ಟರು. ಅಕ್ಷರಗಳೆಲ್ಲ ಎದ್ದು ನಿಂತವು! ಇದರಲ್ಲಿ ಮಾಯವೇನೂ ಇಲ್ಲ. ಕಾಗದದ ದಪ್ಪದ ಉಬ್ಬಿಗೂ ನೆರಳು ಬೀಳುವಷ್ಟು ಓರೆಯಾಗಿ ಬೆಳಕು ಬರಬೇಕು, ಅಷ್ಟೇ. ನೀವು ಮನೆಯಲ್ಲೇ ಸಂಜೆ ಕೋಣೆಯನ್ನು ಕತ್ತಲು ಮಾಡಿ ಒಂದು ಟಾರ್ಚಿನಿಂದ ಈ ಪ್ರಯೋಗ ಮಾಡಿ ನೋಡಬಹುದು. ಟಾರ್ಚನ್ನು ಸುತ್ತ ತಿರುಗಿಸುತ್ತಾ ಹೋಗಿ; ಒಂದು ದಿಕ್ಕಿನಿಂದ ಕಾಣದ ಗೆರೆ ಇನ್ನೊಂದು ದಿಕ್ಕಿನಿಂದ ಕಾಣುತ್ತದೆ.

ಟಾರ್ಚಿನಿಂದ ಯಾವ ಹಾನಿಯೂ ಇಲ್ಲ. ಹಾನಿ ಇರುವುದು ಹುಣಸೆಹಣ್ಣಿನಲ್ಲಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಥಳಥಳಿಸುವುದು ರೂಢಿ. ಹಳೆಯ ನಾಣ್ಯಕ್ಕೂ ಅದೇ ಉಪಚಾರ ನಡೆಯುತ್ತದೆ. ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಾಮ್ರ ನೆಲದಲ್ಲಿ ನೂರಾರು ವರ್ಷ ಇದ್ದಾಗ ಅದರ ಮೈಗೆ ತಾಗಿ ಕೆಂಪು ಬಣ್ಣದ ಆಕ್ಸೈಡಿನ ಪದರ ಬೆಳೆಯುತ್ತದೆ. ಅದರ ಮೇಲೆ ಹಸಿರು ಕಾರ್ಬೊನೇಟ್, ಇದು ಮ್ಯಾಲಕೈಟ್ ಎಂಬ ಖನಿಜವೇ. ಬಹಳ ಸವೆದ ನಾಣ್ಯದಲ್ಲಿ ಅಕ್ಷರದ ಉಬ್ಬು ಉಳಿದಿರುವುದು ಲೋಹದಲ್ಲಲ್ಲ, ಲೋಹ ಬದಲಾಗಿ ಆದ ಈ ಪದರಗಳಲ್ಲಿ. ಹುಣಸೆಯ ಟಾರ್ಟಾರಿಕ್ ಆಮ್ಲ ಕೊಳೆಯನ್ನು ಮಾತ್ರ ತಿನ್ನುವುದಿಲ್ಲ, ಈ ಪದರವನ್ನೇ ಕರಗಿಸುತ್ತದೆ. ತೊಳೆದು ನೋಡಿದರೆ ಹೊಸ ತಾಮ್ರದಂತೆ ಹೊಳೆಯುವ ಬೋಳು ಬಿಲ್ಲೆ. ಅಕ್ಷರ ಬಚ್ಚಲಿಗೆ ಹೋಗಿರುತ್ತದೆ. ಮಣ್ಣು ಬಿಡಿಸಬೇಕೆಂದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಡಿ, ಮೆತ್ತಗಿನ ಬ್ರಷ್ಷಿನಿಂದ ಮೆಲ್ಲಗೆ ಸವರಿ, ಪೂರ್ತಿ ಒಣಗಿಸಿ. ಅದಕ್ಕಿಂತ ಮುಂದೆ ಹೋಗುವುದು ಬಲ್ಲವರ ಕೆಲಸ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಬೇರೆ ರೋಗ: ಲೋಹದೊಳಗೆ ಸೇರಿಕೊಂಡ ಕ್ಲೋರೈಡು ಗಾಳಿಯ ತೇವದೊಡನೆ ಕೂಡಿ ನಾಣ್ಯವನ್ನು ಒಳಗಿನಿಂದ ತಿನ್ನುತ್ತಿದೆ. ಅಂಥದನ್ನು ಬೇರೆಯಾಗಿ, ಒಣಗಿದ ಜಾಗದಲ್ಲಿಟ್ಟು ಬೇಗ ತಜ್ಞರಿಗೆ ತೋರಿಸಬೇಕು.

ಗುಡ್ಡೆಯಲ್ಲಿ ಸಿಕ್ಕ ನಾಣ್ಯಕ್ಕೆ ಒಂದು ದೊಡ್ಡ ಕೊರತೆಯಿದೆ. ಅದು ಎಲ್ಲಿಂದ ಬಂತೆಂದು ಅದಕ್ಕೆ ಹೇಳಲು ಬರುವುದಿಲ್ಲ. ಪೆರುವಳುದಿಯ ಕಾಲವನ್ನು ವಿದ್ವಾಂಸರು ಕ್ರಿಸ್ತಪೂರ್ವದ ಶತಮಾನಗಳಲ್ಲಿಡುತ್ತಾರೆ. ಆದರೆ ಅವರ ಮುಖ್ಯ ಆಧಾರ ಅಕ್ಷರಗಳ ಆಕಾರ. ಯಾವ ದಿಬ್ಬದಲ್ಲಿ, ಎಷ್ಟು ಆಳದಲ್ಲಿ, ಯಾವ ಮಡಕೆಯ ಚೂರುಗಳ ಜೊತೆಯಲ್ಲಿ ಅದು ಮಲಗಿತ್ತು ಎಂಬುದು ಗೊತ್ತಿದ್ದರೆ ಆ ವಾದಕ್ಕೆ ಬೇರೆಯೇ ಬಲ ಬರುತ್ತಿತ್ತು. ವೈಗೈ ನದಿಯ ತಟದ ಕೀಳಡಿಯಲ್ಲಿ 2015ರಿಂದ ನಡೆದ ಉತ್ಖನನಗಳನ್ನು ಗಮನಿಸಿ. ಅಲ್ಲಿಯ ಇದ್ದಿಲಿನ ಮಾದರಿಗಳ ಆಧಾರದ ಮೇಲೆ ತಮಿಳುನಾಡಿನ ಪುರಾತತ್ತ್ವ ಇಲಾಖೆ 2019ರಲ್ಲಿ ಆ ವಸತಿಯನ್ನು ಕ್ರಿ.ಪೂ. 6ನೇ ಶತಮಾನದಷ್ಟು ಹಿಂದಕ್ಕೆ ಒಯ್ದಿತು. ಅದನ್ನು ಒಪ್ಪದವರಿದ್ದಾರೆ, ಚರ್ಚೆ ಬಿಸಿಯಾಗಿಯೇ ಇದೆ. ಆದರೆ ಚರ್ಚಿಸಲು ಅಲ್ಲಿ ಪದರಗಳಾದರೂ ಇವೆ. ಮಧುರೆಯ ವ್ಯಾಪಾರಿಯ ಸರಕಿಗೆ ಪದರವಿಲ್ಲ.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯನ್ನು ಇದಕ್ಕೆ ಹೋಲಿಸಿ ನೋಡಿ. ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅಲ್ಲಿ ಅಗೆದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಜೊತೆಗೆ ಇಲ್ಲಿಯೂ ಉತ್ಖನನ ನಡೆಸಿದ. ಗೂಳಿಯ ಚಿತ್ರವಿರುವ ಸೀಸದ ನಾಣ್ಯಗಳು ಇಲ್ಲಿ ಸಿಕ್ಕವು. ಸದಕನ ಕಳಲಾಯ ಮಹಾರಥಿ ಎಂಬ ಸಾಮಂತನವು. ನೋಡಲು ಏನೂ ಚೆಂದವಿಲ್ಲ, ಗುಜರಿಯವನು ಸೀಸದ ತೂಕಕ್ಕೆ ಕೊಳ್ಳುವಂಥವು. ಆದರೆ ಅದೇ ನೆಲದಲ್ಲಿ ರೋಮನ್ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ದಿನಾರಿಯಸ್ ಕೂಡ ದೊರೆಯಿತು. ತಿಬೇರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ ಎಂಬುದರಲ್ಲಿ ಸಂಶಯವಿಲ್ಲ. ಆದ್ದರಿಂದ ಆ ಪದರದ ಮಡಕೆ, ಮಣಿ, ಸೀಸದ ನಾಣ್ಯಗಳಿಗೆಲ್ಲ ಒಂದು ಗೂಟ ಸಿಕ್ಕಿತು. ಕಾಲಗಣನೆಯ ಹಗ್ಗವನ್ನು ಅದಕ್ಕೆ ಕಟ್ಟಬಹುದು. ಅದೇ ದಿನಾರಿಯಸ್ಸನ್ನು ಸಂತೆಯಲ್ಲಿ ಕೊಂಡಿದ್ದರೆ ಅದು ಒಂದು ಒಳ್ಳೆಯ ಬೆಳ್ಳಿ ನಾಣ್ಯ ಮಾತ್ರ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕಾಗಿ ಅಗೆಯುವಾಗ ನೂರೈವತ್ತಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕಿದ್ದವು. ಒಟ್ಟಿಗೆ ಸಿಕ್ಕವೆಂದು ದಾಖಲಾದದ್ದರಿಂದಲೇ ಅವುಗಳ ಮಾತಿಗೆ ತೂಕ ಬಂದದ್ದು.

ನಿಧಿ ಚದುರದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಾಸಿಕದ ಬಳಿಯ ಜೋಗಲ್‌ತೆಂಬಿಯನ್ನು ಮೀರಿಸುವ ಉದಾಹರಣೆ ನನಗೆ ತಿಳಿದಿಲ್ಲ. 1906ರಲ್ಲಿ ಅಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕವು. ಎಲ್ಲವೂ ಕ್ಷತ್ರಪ ನಹಪಾನನವು. ಆದರೆ ಅವುಗಳಲ್ಲಿ ಸುಮಾರು ಮೂರನೆಯ ಎರಡು ಭಾಗದ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದ. ಯಾರು ಯಾರನ್ನು ಗೆದ್ದರು ಎಂಬುದು ನಾಣ್ಯದ ಮೈಮೇಲೆಯೇ ಇತ್ತು. ಹತ್ತು ನಾಣ್ಯ ಹತ್ತು ಊರಿಗೆ ಹಂಚಿಹೋಗಿದ್ದರೆ ಈ ಪ್ರಮಾಣ ಯಾರಿಗೂ ತಿಳಿಯುತ್ತಿರಲಿಲ್ಲ.

ಕರ್ನಾಟಕದ ಸಂತೆ, ಜಾತ್ರೆ, ಗುಜರಿ ಅಂಗಡಿಗಳಲ್ಲಿ ಹಳೆಯ ತಾಮ್ರದ ಗುಡ್ಡೆ ಕಂಡರೆ ನಿಮಗೆ ಸಿಗುವ ಸಂಭವ ಹೆಚ್ಚಾಗಿರುವುದು ಬ್ರಾಹ್ಮಿ ಅಕ್ಷರದ ನಾಣ್ಯವಲ್ಲ, ಆನೆಯ ನಾಣ್ಯ. ಟಿಪ್ಪು ಸುಲ್ತಾನನ ತಾಮ್ರದ ಪೈಸೆಗಳ ಒಂದು ಬದಿಯಲ್ಲಿ ಆನೆ ಇರುತ್ತದೆ. ಇವುಗಳ ಹೆಸರುಗಳು ವಿಜ್ಞಾನ ಓದಿದವರಿಗೆ ಬಲು ಇಷ್ಟವಾಗುವಂಥವು: ಪೈಸೆಗೆ ಜೊಹ್ರಾ, ಅಂದರೆ ಶುಕ್ರ; ಅರ್ಧಕ್ಕೆ ಬಹರಾಮ್, ಮಂಗಳ; ಕಾಲಿಗೆ ಅಖ್ತರ್, ನಕ್ಷತ್ರ; ಅರೆಕಾಲಿಗೆ ಕುತುಬ್, ಧ್ರುವ. ಎರಡು ಪೈಸೆಯ ದೊಡ್ಡ ನಾಣ್ಯ ಮುಶ್ತರಿ, ಅಂದರೆ ಗುರು. ಇಡೀ ಆಕಾಶವನ್ನೇ ಜೇಬಿಗೆ ಇಳಿಸಿದ್ದ. 1787ರ ಹೊತ್ತಿಗೆ ಆತ ಹಿಜರಿ ಶಕವನ್ನು ಬಿಟ್ಟು ಮೌಲೂದಿ ಎಂಬ ಬೇರೆ ಗಣನೆಯನ್ನು ತಂದ, ಜೊತೆಗೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹೀಗಾಗಿ ನಾಣ್ಯದ ಮೇಲೆ 8121 ಎಂದು ಕಂಡರೆ ಅದನ್ನು ತಿರುವಿ 1218 ಎಂದು ಓದಬೇಕು, ಸುಮಾರು ಕ್ರಿ.ಶ. 1790. ಇದು ತಿಳಿಯದೆ ತಲೆ ಕೆರೆದುಕೊಂಡ ಸಂಗ್ರಾಹಕರು ಬಹಳ. ಟಂಕಸಾಲೆಗಳ ಹೆಸರುಗಳೂ ಹಾಗೆಯೇ: ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಖುರ್ಷಿದ್ ಸವಾದ್ ಎಂದರೆ ಧಾರವಾಡ, ನಜರ್‌ಬಾರ್ ಎಂದರೆ ಮೈಸೂರು. ಶ್ರೀರಂಗಪಟ್ಟಣದ, ನಗರದ ಟಂಕಸಾಲೆಗಳ ಪೈಸೆಗಳು ಸಾಮಾನ್ಯ. ಕೆಲವು ಟಂಕಸಾಲೆಗಳು ಕೆಲವೇ ವರ್ಷ ನಡೆದವು; ಅವುಗಳ ನಾಣ್ಯ ಅಪರೂಪ. ಗುಡ್ಡೆಯಲ್ಲಿ ಎರಡೂ ಒಂದೇ ಆನೆಯ ಹಾಗೆ ಕಾಣುತ್ತವೆ, ಒಂದೇ ದರಕ್ಕೆ ಮಾರಾಟವಾಗುತ್ತವೆ. ವ್ಯತ್ಯಾಸ ಇರುವುದು ಹಿಂಬದಿಯ ಪಾರ್ಸಿ ಅಕ್ಷರದಲ್ಲಿ. ಓದಲು ಬಂದವನಿಗೆ ಮಾತ್ರ ಅದು ಸಿಗುತ್ತದೆ.

ಈಗ ಬೆಲೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಇಲ್ಲಿ ನಮ್ಮ ವೀಕ್ಷಕರ ಹಣ ಹೋಗುತ್ತಿದೆ. ರಾಮನ ಪಟ್ಟಾಭಿಷೇಕದ ಚಿತ್ರವೋ ಹನುಮಂತನ ಚಿತ್ರವೋ ಇದ್ದು, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಎಂದೂ 1818 ಎಂದೂ ಬರೆದಿರುವ ತಾಮ್ರದ ಬಿಲ್ಲೆಗಳನ್ನು ನೀವು ಕಂಡಿರಬಹುದು. ಕಂಪನಿ ಅಂಥ ನಾಣ್ಯಗಳನ್ನು ಎಂದೂ ಹೊರಡಿಸಿಲ್ಲ. ಇವು ಆಮೇಲೆ ಮಾಡಿ ಮಾರಿದ ಬಿಲ್ಲೆಗಳು. ಇವಕ್ಕೆ ಅಕ್ಕಿಯನ್ನು ಎಳೆಯುವ ಶಕ್ತಿಯಿದೆ, ಕೋಟಿಗಟ್ಟಲೆ ಬೆಲೆಯಿದೆ ಎಂದು ನಂಬಿಸಿ 'ರೈಸ್ ಪುಲ್ಲಿಂಗ್' ಹೆಸರಿನಲ್ಲಿ ನಡೆದ ವಂಚನೆಯ ಪ್ರಕರಣಗಳು ನಮ್ಮ ರಾಜ್ಯದ ಪೊಲೀಸ್ ಠಾಣೆಗಳಲ್ಲಿ ಎಷ್ಟೋ ಇವೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ತಾಮ್ರ ಅಯಸ್ಕಾಂತಕ್ಕೂ ಅಂಟುವುದಿಲ್ಲ. ಎಳೆಯುವುದನ್ನು ಕಣ್ಣಾರೆ ತೋರಿಸಿದರೆಂದರೆ ಅಕ್ಕಿಗೆ ಕಬ್ಬಿಣದ ಪುಡಿ ಸವರಿದೆ, ಬಿಲ್ಲೆಯಲ್ಲಿ ಅಯಸ್ಕಾಂತ ಅಡಗಿದೆ ಎಂದು ತಿಳಿಯಿರಿ. ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತು: ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ, ಶುಲ್ಕ ಕೇಳುವುದಿಲ್ಲ ಎಂದು.

ನಿಜವಾದ ಹಳೆಯ ನಾಣ್ಯವನ್ನು ನಕಲಿಯಿಂದ ಬೇರ್ಪಡಿಸಲು ಮನೆಯಲ್ಲಿ ಪೂರ್ತಿ ಸಾಧ್ಯವಿಲ್ಲ. ಆದರೂ ಒಂದೆರಡು ಪರೀಕ್ಷೆ ಮಾಡಬಹುದು. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಇರುತ್ತದೆ, ಮೈಯಲ್ಲಿ ಸಣ್ಣ ಗುಳ್ಳೆಗಳ ಕುಳಿ ಇರುತ್ತವೆ. ಅಕ್ಕಸಾಲಿಯ ತಕ್ಕಡಿಯಲ್ಲಿ ಒಮ್ಮೆ ಗಾಳಿಯಲ್ಲಿ, ಒಮ್ಮೆ ದಾರದಿಂದ ಇಳಿಬಿಟ್ಟು ನೀರಿನಲ್ಲಿ ತೂಗಿದರೆ ಆರ್ಕಿಮಿಡೀಸನೇ ಉತ್ತರ ಹೇಳುತ್ತಾನೆ. ಗಾಳಿಯ ತೂಕವನ್ನು, ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿ. ಶುದ್ಧ ಬೆಳ್ಳಿಗೆ 10.5ರ ಸುಮಾರು ಬರಬೇಕು, ತಾಮ್ರಕ್ಕೆ 8.9, ಸೀಸಕ್ಕೆ 11.3, ಚಿನ್ನಕ್ಕೆ 19.3. ಬೆಳ್ಳಿಯದೆಂದು ಕೊಂಡದ್ದು 8.5 ತೋರಿಸಿದರೆ ಹಿತ್ತಾಳೆಗೆ ಬೆಳ್ಳಿಯ ಲೇಪ ಕೊಟ್ಟಿರಬಹುದೆಂದು ಸಂಶಯಪಡಿ.

ಕಾನೂನನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಕೊಂಡ ಹಳೆಯ ನಾಣ್ಯವನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ನೆಲದಲ್ಲಿ ಹೂತಿದ್ದುದು ನಿಮ್ಮ ಹೊಲದಲ್ಲೇ ಸಿಕ್ಕಿದರೂ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನಿಧಿ ನಿಕ್ಷೇಪದ ಕಾಯಿದೆ 1878ರಿಂದಲೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು; ಖಾಸಗಿ ವ್ಯಕ್ತಿಗಳು ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಉಡುಗೊರೆಯಾಗಿ ಅಜ್ಜನ ವರಹ ಕಳುಹಿಸಬಹುದೇ ಎಂದು ಕೇಳಿದವರಿಗೆ ಇದೇ ಉತ್ತರ.

ಗುಡ್ಡೆಯಲ್ಲಿ ನಾಣ್ಯ ಕೊಂಡಿರಾದರೆ ಮೊದಲ ದಿನವೇ ಒಂದು ಕೆಲಸ ಮಾಡಿ. ಸಣ್ಣ ಕಾಗದದ ಲಕೋಟೆಯ ಮೇಲೆ ಕೊಂಡ ಊರು, ದಿನಾಂಕ, ತೂಕ, ಮತ್ತು ಮಾರಿದವರು ಅದು ಎಲ್ಲಿಂದ ಬಂತೆಂದು ಹೇಳಿದರೋ ಅದನ್ನು ಅವರ ಮಾತಿನಲ್ಲೇ ಬರೆದು ಪ್ರತಿಯೊಂದನ್ನೂ ಬೇರೆ ಬೇರೆ ಇಡಿ. "ಹೊಳೆದಂಡೆಯ ಹಾಳೂರಿಂದ ಹುಡುಗರು ತಂದರು" ಎಂದಷ್ಟೇ ಹೇಳಿದ್ದರೂ ಬರೆಯಿರಿ. ಓರೆ ಬೆಳಕಿನಲ್ಲಿ ಎರಡೂ ಬದಿಯ ಛಾಯಾಚಿತ್ರ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ. ಗುರುತಿಸಲಾಗದ ಅಕ್ಷರವಿದ್ದರೆ ರಾಜ್ಯದ ಪುರಾತತ್ತ್ವ ಇಲಾಖೆಗಾಗಲಿ, ಹತ್ತಿರದ ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ವಿಭಾಗಕ್ಕಾಗಲಿ ಆ ಚಿತ್ರ ಕಳುಹಿಸಿ. ನಾಣ್ಯವನ್ನು ಅಂಚೆಯಲ್ಲಿ ಹಾಕಬೇಡಿ. ಮೇಲಾಗಿ ಪೆನ್ಸಿಲಿನಿಂದ ಉಜ್ಜಿದ ಅಚ್ಚಿನಲ್ಲಿ ನಮಗೆ ಆನೆಯ ಸೊಂಡಿಲು ಯಾವುದು ಬಾಲ ಯಾವುದು ಎಂಬುದೂ ತಿಳಿಯುವುದಿಲ್ಲ.